ಹೆದ್ದಾರಿಯ ಪ್ರಯಾಣಕಾಲಕ್ಕೆ ಗುರಿ ಗೊತ್ತುಪಡಿಸುವ ಬಗೆ

ಶಿಕಾರಿಪುರ, ಸೊರಬ ಸೀಮೆಯ ಗ್ರಾಮಸ್ಥರು ಲೋಕೋಪಯೋಗಿ ಇಲಾಖೆಗೆ ಸಲ್ಲಿಸುವ ಮನವಿಗಳಲ್ಲಿ ವಾಹನದಟ್ಟಣೆ ಅಧಿಕವಾಗಿದೆ, ಸಂಚಾರ ಸುಗಮವಾಗಬೇಕು ಎಂಬ ಮಾತಿರುತ್ತದೆಯೇ ಹೊರತು, ಎಷ್ಟು ಸುಗಮವಾಗಬೇಕು, ಯಾವ ಹೊತ್ತಿನಲ್ಲಿ, ಯಾವ ವರ್ಷದೊಳಗೆ ಎಂಬುದು ಇರುವುದಿಲ್ಲ. ಅಂಕೆಯಿಲ್ಲದ ಬೇಡಿಕೆಗೆ ದೊರೆಯುವ ಉತ್ತರವೂ ಅಂಕೆಯಿಲ್ಲದ್ದೇ ಆಗುವುದರಿಂದ ಗುರಿಯನ್ನು ಅಂಕೆಯಲ್ಲಿ ಬರೆಯುವ ಕ್ರಮವನ್ನು ತಿಳಿಸುತ್ತಿದ್ದೇನೆ. ಅಮೆರಿಕದ ಸಂಯುಕ್ತ ಸರ್ಕಾರವು ತನ್ನ ಹೆದ್ದಾರಿಗಳಿಗೆ 2017ರಲ್ಲಿ ವಿಧಿಸಿದ ನಿಯಮ ಇದಕ್ಕೆ ಆಧಾರ.

ಮೊದಲು ಮಾರ್ಗವನ್ನು ಖಂಡಗಳಾಗಿ ವಿಭಾಗಿಸತಕ್ಕದ್ದು: ಅಂಬ್ಲಿಗೊಳದಿಂದ ಶಿಕಾರಿಪುರ, ಅಲ್ಲಿಂದ ಶಿರಾಳಕೊಪ್ಪ, ಮುಂದೆ ಸೊರಬ. ಬಳಿಕ ಕೆಲಸದ ದಿನಗಳ ಬೆಳಿಗ್ಗೆ 6ರಿಂದ 10, 10ರಿಂದ ಸಂಜೆ 4, 4ರಿಂದ ರಾತ್ರಿ 8, ವಾರಾಂತ್ಯದ ಬೆಳಿಗ್ಗೆ 6ರಿಂದ ರಾತ್ರಿ 8 ಎಂಬ ನಾಲ್ಕು ಅವಧಿಗಳಲ್ಲಿ, ಒಂದೇ ಬಗೆಯ ವಾಹನವು ಹೊರಟ ಮತ್ತು ತಲುಪಿದ ವೇಳೆಯನ್ನು ಗುರುತು ಹಾಕಿಕೊಳ್ಳಬೇಕು. ಸಂತೆಯ ದಿನವನ್ನೂ ಮಳೆಯ ದಿನವನ್ನೂ ಬಿಡಲಾಗದು.

ಇನ್ನು ಬಹುಜನರು ಎಡವುವ ಸ್ಥಳವೊಂದುಂಟು, ಅದು ಸರಾಸರಿ. ಒಂದು ಖಂಡದಲ್ಲಿ ಇಪ್ಪತ್ತು ದಿನ ಅಳೆದಾಗ ಹದಿನೈದು ದಿನ 30 ನಿಮಿಷವೂ, ಐದು ದಿನ 50 ನಿಮಿಷವೂ ಹಿಡಿಯಿತೆಂದಿಟ್ಟುಕೊಳ್ಳೋಣ. ಸರಾಸರಿ 35 ನಿಮಿಷ. ಇದನ್ನು ಕಂಡವರು ರಸ್ತೆ ತೃಪ್ತಿಕರವಾಗಿದೆಯೆಂದು ಕಡತವನ್ನು ಮುಚ್ಚುವರು. ಆದರೆ ನ್ಯಾಯಾಲಯದ ಕರೆಗೋ ಪರೀಕ್ಷೆಗೋ ಹೊರಟವನಿಗೆ ಆ 35ರಿಂದ ಏನೂ ಪ್ರಯೋಜನವಿಲ್ಲ. ಯಾವ ದಿನ ಕೆಟ್ಟ ದಿನವೆಂಬುದು ಮುಂಚಿತವಾಗಿ ತಿಳಿಯದಾದ ಕಾರಣ ಅವನು ನಿತ್ಯವೂ 50 ನಿಮಿಷ ಮುಂಚೆಯೇ ಮನೆ ಬಿಡಬೇಕು. ಆದಕಾರಣ ಅಳತೆಗಳನ್ನು ಕಿರಿದರಿಂದ ಹಿರಿದಕ್ಕೆ ಜೋಡಿಸಿ, ಹದಿನಾರನೆಯದನ್ನು, ಅಂದರೆ ನೂರಕ್ಕೆ ಎಂಬತ್ತರ ಸ್ಥಾನದಲ್ಲಿರುವುದನ್ನು, ನಡುವಿನದರಿಂದ ಭಾಗಿಸತಕ್ಕದ್ದು. ಇಲ್ಲಿ 50ನ್ನು 30ರಿಂದ ಭಾಗಿಸಿದರೆ 1.67, ಅಮೆರಿಕದ ನಿಯಮದಂತೆ ನಾಲ್ಕು ಅವಧಿಗಳಲ್ಲಿಯೂ 1.5ಕ್ಕಿಂತ ಕೆಳಗಿದ್ದ ಖಂಡ ಮಾತ್ರ ನಂಬಲರ್ಹ. ಒಂದು ಅವಧಿ ಮೀರಿದರೂ ಖಂಡವೇ ಅನರ್ಹವೆನಿಸುವುದರಿಂದ, ನಾಲ್ಕನ್ನೂ ಕೂಡಿಸಿ ಒಂದೇ ಅಂಕೆ ಮಾಡುವ ಹವ್ಯಾಸವನ್ನು ಬಿಡಬೇಕು.

ಗುರಿಯನ್ನು ಬರೆಯುವ ಮುನ್ನ ವಿಳಂಬದ ಕಾರಣವನ್ನು ಕಣ್ಣಾರೆ ನೋಡತಕ್ಕದ್ದು. ಕೊಯ್ಲಿನ ಕಾಲದಲ್ಲಿ ಟಾರಿನ ಅರ್ಧಕ್ಕೆ ಮೆಕ್ಕೆಜೋಳ ಹರಡಿ, ಅಂಚಿಗೆ ಕಲ್ಲುಗಳನ್ನು ಸಾಲಾಗಿಟ್ಟಿದ್ದರೆ, ಎದುರುಬದುರಾದ ಲಾರಿ ಬಸ್ಸುಗಳಲ್ಲಿ ಒಂದು ನಿಲ್ಲಲೇಬೇಕು. ಕತ್ತಲಾದ ಮೇಲೆ ಆ ಕಲ್ಲುಗಳು ಪ್ರಾಣಾಂತಕವೂ ಹೌದು. ಇಂತಹ ಎಡೆಯಲ್ಲಿ ರಸ್ತೆ ಅಗಲೀಕರಣವನ್ನು ಕೇಳುವುದಕ್ಕಿಂತ ಪಂಚಾಯಿತಿಯಿಂದ ಒಣಗಿಸುವ ಕಣವನ್ನು ಕೇಳುವುದು ಯುಕ್ತವೆಂದು ನನ್ನ ದೃಢಾಭಿಪ್ರಾಯ. ಎರಡು ವರ್ಷಕ್ಕೆ 1.6, ನಾಲ್ಕು ವರ್ಷಕ್ಕೆ 1.5ರೊಳಗೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಬರೆಯಿರಿ. ಒಮ್ಮೆಗೇ ಪರಿಪೂರ್ಣತೆಯನ್ನು ಬೇಡಿದ ಮನವಿ ಮೂಲೆ ಸೇರುತ್ತದೆ.

ಲಾರಿಗಳ ಲೆಕ್ಕ ಬೇರೆ: ಎಂಬತ್ತರ ಬದಲು ತೊಂಬತ್ತೈದರ ಸ್ಥಾನವನ್ನು ಹಿಡಿಯಬೇಕು. ದಟ್ಟಣೆಗಾದರೋ, ವಿಧಿಸಿದ ವೇಗದ ನೂರಕ್ಕೆ ಅರವತ್ತು ಅಥವಾ ಗಂಟೆಗೆ ಸುಮಾರು 32 ಕಿಲೋಮೀಟರ್, ಇವೆರಡರಲ್ಲಿ ಹೆಚ್ಚಿನದಕ್ಕಿಂತ ನಿಧಾನವಾದಾಗ ಕಳೆದ ಅಧಿಕ ಕಾಲವನ್ನು ಕೂಡಿಸತಕ್ಕದ್ದು. ಅಳತೆಯ ಪಟ್ಟಿಯನ್ನು ಮನವಿಗೆ ಲಗತ್ತಿಸಿ, ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಯಲ್ಲಿರಿಸಿ.