ಒಮ್ಮೆ ಮಾಡಿದ ಲೆಕ್ಕ



ಹದಿನೇಳು ಎಂಟಲೆ ಎಷ್ಟೆಂದು ಕೇಳಿದರೆ, ಮಗ್ಗಿ ಬಲ್ಲವರು ತಡೆಯಿಲ್ಲದೆ 136 ಎನ್ನುವಿರಿ. ನೀವು ಹದಿನೇಳನ್ನು ಎಂಟು ಬಾರಿ ಕೂಡಿಸಲಿಲ್ಲ. ಎಂದೋ ಕೂಡಿಸಿ ಕಂಠಸ್ಥ ಮಾಡಿದ ಫಲವನ್ನು ತೆಗೆದುಕೊಟ್ಟಿರಿ. ಗಣಕಯಂತ್ರವೂ ಹೀಗೆಯೇ ಮಾಡಬಲ್ಲುದು. ಫಂಕ್ಷನ್ ಎಂದರೆ ಒಂದು ಕಾರ್ಯಕ್ಕಾಗಿ ಬರೆದಿಟ್ಟ ಆದೇಶಗಳ ಸಮೂಹ. ತನ್ನ ಫಲವನ್ನು ತಾನೇ ನೆನಪಿಡುವ ಫಂಕ್ಷನ್ನಿಗೆ ಬ್ರಿಟನ್ನಿನ ವಿದ್ವಾಂಸರಾದ ಡೊನಾಲ್ಡ್ ಮಿಚಿ ಅವರು 1968ರಲ್ಲಿ ‘ಮೆಮೊ ಫಂಕ್ಷನ್’ ಎಂಬ ಹೆಸರನ್ನಿತ್ತರು. ಫಲವನ್ನು ಕೂಡಿಡುವ ಸ್ಥಳಕ್ಕೆ ‘ಕ್ಯಾಶ್’ ಎನ್ನುವರು.

2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನೇ ನೋಡಿರಿ. ಅಲ್ಲಿಯ ಲೇಖನಗಳಲ್ಲಿ ಪಟ್ಟಿ, ಭೂಪಟ ಮುಂತಾದುವನ್ನು ‘ಟೆಂಪ್ಲೇಟು’ಗಳೆಂಬ ಸಹಾಯಕ ಅಂಗಗಳು ಜೋಡಿಸಿಕೊಡುತ್ತವೆ. ಓದುಗರು ಬಂದಾಗಲೆಲ್ಲ ಪುಟವನ್ನು ಮೊದಲಿನಿಂದ ಕಟ್ಟುವುದಾದರೆ ಯಂತ್ರಕ್ಕೆ ಬಹಳ ಶ್ರಮ. ಆದುದರಿಂದ ಅದು ಒಮ್ಮೆ ಕಟ್ಟಿದ ಪುಟವನ್ನು ತೆಗೆದಿರಿಸಿ, ಮುಂದೆ ಬಂದವರಿಗೆ ಅದನ್ನೇ ಕೊಡುತ್ತದೆ. ಲೇಖನವನ್ನಾಗಲಿ ಅದರ ಟೆಂಪ್ಲೇಟನ್ನಾಗಲಿ ಯಾರಾದರೂ ತಿದ್ದಿದರೆ, ಹಳೆಯ ಪ್ರತಿಯನ್ನು ತಳ್ಳಿ ಹೊಸದನ್ನು ಕಟ್ಟುತ್ತದೆ.

ಈ ತಳ್ಳುವ ಕೆಲಸವೇ ಕಠಿನವಾದುದು. 2016ನೆಯ ಇಸವಿ ಅಕ್ಟೋಬರ್ 1ರಂದು ಪನ್ವೇಲ್ ಮಹಾನಗರಪಾಲಿಕೆ ಸ್ಥಾಪಿತವಾಗಿ, ನಮ್ಮ ಕಾಮೋಠೆ ಅದರೊಳಗೆ ಸೇರಿತು. “ಕಾಮೋಠೆಯು ಮಹಾನಗರಪಾಲಿಕೆಗೆ ಸೇರಿದೆಯೇ?” ಎಂಬ ಪ್ರಶ್ನೆಗೆ ಹಿಂದಿನ ದಿನ ಕೂಡಿಟ್ಟ ‘ಇಲ್ಲ’ ಎಂಬ ಉತ್ತರ ಅಂದು ಸುಳ್ಳಾಯಿತು. ಅಂಥ ಉತ್ತರ ಶೀಘ್ರವಾಗಿ ಬಂದು ಫಲವೇನು?

ನಾವೂ ಹೀಗೆ ಎಡವಿದ್ದುಂಟು. ಹಿಂದೆ ಬೇರೊಂದೂರಿನಲ್ಲಿ ಪಾಠ ಹೇಳುತ್ತಿದ್ದಾಗ, ಹುಡುಗನೊಬ್ಬನ ಉತ್ತರಪತ್ರಿಕೆಯನ್ನು ಮತ್ತೆ ನೋಡಿ, ಗಣಿತದ ಅಂಕವನ್ನು 31ರಿಂದ 37ಕ್ಕೆ ತಿದ್ದಿದೆವು. ತೇರ್ಗಡೆಗೆ 35 ಸಾಕಾಗಿತ್ತು. ಆದರೆ ಕೆಳಗೆ ಮೊದಲೇ ಬರೆದಿದ್ದ ‘ಅನುತ್ತೀರ್ಣ’ ಎಂಬ ಫಲವನ್ನು ಅಳಿಸಲು ಮರೆತೆವು. ಆತನು ಅಳುತ್ತ ಮನೆಗೆ ಹೋದನು. ಮರುದಿನ ಅವನ ತಾಯಿ ಬಂದು ಅಂಕದ ಮೇಲೆ ಬೆರಳಿಟ್ಟು ತೋರಿಸಿದಾಗಲೇ ನಮಗೆ ತಪ್ಪು ತಿಳಿದುದು.

ಆದುದರಿಂದ ಮೂರು ಮಾತುಗಳನ್ನು ನೆನಪಿಡಿರಿ. ಬಹು ಶ್ರಮದಿಂದ ದೊರೆಯುವ, ಪದೇ ಪದೇ ಬೇಕಾಗುವ ಫಲವನ್ನು ಮಾತ್ರ ಕೂಡಿಡಿರಿ. ಯಾವ ಪ್ರಶ್ನೆಗೆ ಯಾವ ಉತ್ತರವೆಂದು ಸ್ಪಷ್ಟವಾಗಿ ಗುರುತು ಹಾಕಿರಿ. ಇಲ್ಲವಾದರೆ ಒಬ್ಬನ ಅಂಕ ಇನ್ನೊಬ್ಬನ ಕೈಸೇರೀತು. ಮೂಲವು ಬದಲಾದೊಡನೆ ಕೂಡಿಟ್ಟುದನ್ನು ಅಳಿಸಿ, ಲೆಕ್ಕವನ್ನು ಹೊಸದಾಗಿ ಮಾಡಿರಿ.

ಮಗ್ಗಿಯ ಉತ್ತರ ಎಂದಿಗೂ ಬದಲಾಗದು. ಅದನ್ನು ನಿಶ್ಚಿಂತೆಯಿಂದ ಬಾಯಿಪಾಠ ಮಾಡಿರಿ. ಬದಲಾಗಬಲ್ಲ ಉಳಿದೆಲ್ಲವನ್ನೂ ಆಗಾಗ ಮೂಲದೊಡನೆ ಹೋಲಿಸಿ ನೋಡುವ ಅಭ್ಯಾಸವನ್ನು ಇಂದಿನಿಂದಲೇ ಬೆಳೆಸಿಕೊಳ್ಳಿರಿ.