ಕಾಣದೆ ದುಡಿಯುವ ಸೇವಕ



ನಮ್ಮ ವಾಚನಾಲಯದ ಮೂಲೆಯಲ್ಲಿ ಹಳೆಯದೊಂದು ಕಂಪ್ಯೂಟರ್ ಇರುವದನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಅದರಲ್ಲಿ ಲಿನಕ್ಸ್ ವ್ಯವಸ್ಥೆಯನ್ನೂ ಕಿವಿಕ್ಸ್ ಎಂಬ ಉಚಿತ ತಂತ್ರಾಂಶವನ್ನೂ ನಾವು ಅಳವಡಿಸಿದ್ದೇವೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಎಂಬ ವಿಶ್ವಕೋಶವು ಒಂದೇ ಕಡತವಾಗಿ ಅದರೊಳಗಿರುವದು. ಇಂಟರ್ನೆಟ್ ಇಲ್ಲದ ದಿನಗಳಲ್ಲಿಯೂ ವಸತಿಗೃಹದ ಹುಡುಗಿಯರು ಶಾಲೆಯೊಳಗಣ ಜಾಲದ ಮೂಲಕ ಅದನ್ನು ಓದಬಲ್ಲರು. ಕೇಳಿದವರಿಗೆ ಕೇಳಿದ ಪುಟವನ್ನು ಹೀಗೆ ಒದಗಿಸಿಕೊಡುವ ತಂತ್ರಾಂಶಕ್ಕೆ ಸರ್ವರ್ ಎಂದು ಹೆಸರು.

ಮೊದಲ ದಿವಸ ನಾವು ನಮ್ಮ ಕೋಣೆಯ ಲ್ಯಾಪ್‌ಟಾಪಿನಿಂದ ಆ ಯಂತ್ರವನ್ನು ಸಂಪರ್ಕಿಸಿ, ಟರ್ಮಿನಲ್ಲಿನಲ್ಲಿ ಅಪ್ಪಣೆಯೊಂದನ್ನು ಬರೆದು ಸರ್ವರನ್ನು ನಡೆಸಿದೆವು. ಮಕ್ಕಳಿಗೆ ಪರಮಾನಂದವಾಯಿತು. ಸಂಜೆ ಕಿಟಕಿಯನ್ನು ಮುಚ್ಚಿ ಮನೆಗೆ ಹೊರಟೆವು. ಮರುದಿನ ಪ್ರಬಂಧವನ್ನು ಒಪ್ಪಿಸಬೇಕಾಗಿದ್ದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬೆಳಿಗ್ಗೆ ಬರಿಗೈಯಲ್ಲಿ ಬಂದು, “ಟೀಚರ್, ನೀವು ಮನೆಗೆ ಹೋದರೆ ಪುಸ್ತಕವೂ ಹೋಗುತ್ತದೆಯೇ?” ಎಂದು ಕೇಳಿದಳು. ಆ ಮಾತು ನಮ್ಮನ್ನು ಚುಚ್ಚಿತು. ತಪ್ಪು ನಮ್ಮದೇ ಆಗಿತ್ತು.

ಹೀಗಾದದ್ದು ಹೇಗೆಂದರೆ: ಟರ್ಮಿನಲ್ಲಿನಲ್ಲಿ ಆರಂಭಿಸಿದ ಕಾರ್ಯವು ಆ ಕಿಟಕಿಯ ಆಶ್ರಯದಲ್ಲಿಯೇ ಬದುಕುವದು. ಕಿಟಕಿ ಮುಚ್ಚಿದಾಗ ಅದಕ್ಕೆ ‘ಹ್ಯಾಂಗಪ್’ ಎಂಬ ಸಂಕೇತವು ಮುಟ್ಟುವದು. ದೂರದ ಕಂಪ್ಯೂಟರನ್ನು ಟೆಲಿಫೋನ್ ತಂತಿಯ ಮೂಲಕ ಬಳಸುತ್ತಿದ್ದ ಕಾಲದಲ್ಲಿ ಕರೆ ಮುಗಿದುದನ್ನು ಸೂಚಿಸಲು ಹುಟ್ಟಿದ ಹೆಸರದು. ಬೇರೆ ಏರ್ಪಾಡು ಮಾಡದಿದ್ದರೆ, ಆ ಸಂಕೇತ ಬಂದೊಡನೆ ಕಾರ್ಯವು ನಿಂತುಹೋಗುವದು.

ಆದಕಾರಣ ಸರ್ವರನ್ನು ಹಿನ್ನೆಲೆಯ ಸೇವೆಯಾಗಿ ನಡೆಸಬೇಕು. ಇಂತಹ ಸೇವೆಗೆ ‘ಡೀಮನ್’ ಎಂದು ಹೆಸರು. 1963ರ ಸುಮಾರಿಗೆ ಅಮೆರಿಕದ ಎಂ.ಐ.ಟಿ. ವಿದ್ಯಾಲಯದವರು ಈ ಪದವನ್ನು ಬಳಕೆಗೆ ತಂದರು. ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ಲನು ಕಲ್ಪಿಸಿದ, ಅಣುಗಳನ್ನು ಬಿಡುವಿಲ್ಲದೆ ವಿಂಗಡಿಸುತ್ತಿರುವ ಜೀವಿಯೇ ಈ ಹೆಸರಿಗೆ ಮೂಲ. ಎಲ್ಲರೂ ಏಳುವ ಮುನ್ನ ಎದ್ದು ಒಲೆ ಹೊತ್ತಿಸುವ ನಮ್ಮ ಅಡಿಗೆಯಮ್ಮನನ್ನು ನೆನೆದುಕೊಂಡರೆ ಅದರ ಗುಣವು ನಿಮಗೆ ತಿಳಿಯುವದು.

ಇಂದಿನ ಬಹುತೇಕ ಲಿನಕ್ಸ್ ಯಂತ್ರಗಳಲ್ಲಿ ಇಂತಹ ಸೇವಕರ ಮೇಲ್ವಿಚಾರಣೆಯು 2010ರಲ್ಲಿ ಹೊರಬಂದ ‘ಸಿಸ್ಟಮ್‌ಡಿ’ಗೆ ಸೇರಿದ್ದು. ಅದಕ್ಕೆ ನಾವು ಚಿಕ್ಕದೊಂದು ಕಡತದಲ್ಲಿ ಆಜ್ಞಾಪತ್ರವನ್ನು ಬರೆದುಕೊಡಬೇಕು. ಅದರ ಮುಖ್ಯ ಸಾಲುಗಳು ಐದು.

1. ‘ಆಫ್ಟರ್’ — ಯಾವದಾದ ಮೇಲೆ ಏಳಬೇಕು ಎಂಬದು. ನಾವು ಜಾಲವು ಸಿದ್ಧವಾದ ಮೇಲೆ ಎಂದು ಬರೆದೆವು.

2. ‘ಎಕ್ಸೆಕ್‌ಸ್ಟಾರ್ಟ್’ — ಯಾವ ಕೆಲಸವನ್ನು ಮಾಡಬೇಕು ಎಂಬದು. ಇಲ್ಲಿ ತಂತ್ರಾಂಶದ ಮತ್ತು ವಿಶ್ವಕೋಶದ ಕಡತಗಳ ಪೂರ್ಣ ವಿಳಾಸವಿರಬೇಕು.

3. ‘ಯೂಸರ್’ — ಯಾರ ಹೆಸರಿನಲ್ಲಿ ನಡೆಯಬೇಕು ಎಂಬದು. ಸರ್ವಾಧಿಕಾರವುಳ್ಳ ‘ರೂಟ್’ ಹೆಸರನ್ನು ಇಲ್ಲಿ ಕೊಡಲಾಗದು. ಪುಸ್ತಕ ಕೊಡುವವಳಿಗೆ ಖಜಾನೆಯ ಬೀಗದಕೈ ಏತಕ್ಕೆ? ಸಾಮಾನ್ಯ ಬಳಕೆದಾರರಿಗೆ 1024ಕ್ಕಿಂತ ಕೆಳಗಿನ ದ್ವಾರಗಳು ವಾಡಿಕೆಯಾಗಿ ದೊರೆಯವು; ಆದುದರಿಂದ ನಾವು 8080ನೆಯ ದ್ವಾರವನ್ನು ಆರಿಸಿದೆವು.

4. ‘ರೀಸ್ಟಾರ್ಟ್’ — ಬಿದ್ದರೆ ಮತ್ತೆ ಎಬ್ಬಿಸಬೇಕೋ ಎಂಬದು. ನಾವು, ಕೆಟ್ಟು ನಿಂತರೆ ಹತ್ತು ಸೆಕೆಂಡು ಕಾದು ಎಬ್ಬಿಸಲಿ ಎಂದು ಬರೆದೆವು.

5. ‘ವಾಂಟೆಡ್‌ಬೈ’ — ಯಂತ್ರವು ಎದ್ದಾಗ ಯಾವ ಹಂತದಲ್ಲಿ ಇದನ್ನು ಕರೆಯಬೇಕು ಎಂಬದು.

ಇಷ್ಟಾದ ಮೇಲೆಯೂ ನಾವು ಮತ್ತೊಮ್ಮೆ ಎಡವಿದೆವು. ‘ಸಿಸ್ಟಮ್‌ಸಿಟಿಎಲ್ ಸ್ಟಾರ್ಟ್’ ಎಂಬ ಅಪ್ಪಣೆ ಕೊಟ್ಟು, ಕೆಲಸ ಮುಗಿಯಿತೆಂದು ತಿಳಿದೆವು. ಒಂದು ವಾರದ ಮೇಲೆ ರಾತ್ರಿ ವಿದ್ಯುಚ್ಛಕ್ತಿ ಹೋಯಿತು. ಬೆಳಿಗ್ಗೆ ಗುಂಡಿಯನ್ನು ಒತ್ತಿದೆವು. ಯಂತ್ರ ಎದ್ದಿತು, ವಿಶ್ವಕೋಶ ಏಳಲಿಲ್ಲ. ‘ಸ್ಟಾರ್ಟ್’ ಎಂದರೆ ಈಗ ಆರಂಭಿಸು ಎಂದಷ್ಟೇ ಅರ್ಥ. ಯಂತ್ರ ಎದ್ದಾಗಲೆಲ್ಲ ಆರಂಭಿಸು ಎನ್ನಲು ‘ಎನೇಬಲ್’ ಎಂಬ ಅಪ್ಪಣೆಯೂ ಬೇಕು. ಐದನೆಯ ಸಾಲಿಗೆ ಜೀವ ಬರುವದು ಈ ಅಪ್ಪಣೆಯಿಂದಲೇ. ಅಂದಿನಿಂದ ನಾವು ಯಾವ ಸೇವೆಯನ್ನು ಸ್ಥಾಪಿಸಿದರೂ, ಯಂತ್ರವನ್ನು ಕ್ರಮವಾಗಿ ನಿಲ್ಲಿಸಿ, ಮರಳಿ ಎಬ್ಬಿಸಿ, ಅದು ತಾನಾಗಿ ಏಳುವದನ್ನು ಕಣ್ಣಾರೆ ನೋಡದೆ ಮನೆಗೆ ಹೋಗುವದಿಲ್ಲ.

ಸೇವೆಯು ಕೆಟ್ಟಲ್ಲಿ ಊಹೆ ಮಾಡುತ್ತ ಕೂರಬೇಕಾಗಿಲ್ಲ. ‘ಸ್ಟೇಟಸ್’ ಎಂದು ಕೇಳಿದರೆ ಅದರ ಸ್ಥಿತಿಯೂ, ‘ಜರ್ನಲ್‌ಸಿಟಿಎಲ್’ ಎಂದು ಕೇಳಿದರೆ ಅದರ ದಿನಚರಿಯೂ ತೆರೆದುಕೊಳ್ಳುವವು. ಆಜ್ಞಾಪತ್ರವನ್ನು ತಿದ್ದಿದಾಗ ‘ಡೀಮನ್-ರೀಲೋಡ್’ ಎಂದು ಹೇಳಿ, ಸೇವೆಯನ್ನು ಮರಳಿ ಆರಂಭಿಸಬೇಕು; ಇಲ್ಲವಾದರೆ ಮೇಲ್ವಿಚಾರಕನು ಹಳೆಯ ಪ್ರತಿಯನ್ನೇ ನಂಬಿಕೊಂಡಿರುವನು.

ಈಗ ಆ ಐದು ಸಾಲುಗಳನ್ನೂ ಅಪ್ಪಣೆಗಳನ್ನೂ ಹತ್ತನೆಯ ತರಗತಿಯ ಹುಡುಗಿಯರು ನೋಟ್‌ಬುಕ್ಕಿನಲ್ಲಿ ಬರೆದು ವಾಚನಾಲಯದ ಬೀರುವಿನಲ್ಲಿಟ್ಟಿದ್ದಾರೆ. ನಾವು ಊರಲ್ಲಿಲ್ಲದ ಒಂದು ದಿನ ಸೇವೆ ನಿಂತಿತು. ಇಬ್ಬರು ಹುಡುಗಿಯರು ದಿನಚರಿಯನ್ನು ಓದಿ, ವಿಶ್ವಕೋಶದ ಕಡತವು ಸ್ಥಳ ಬದಲಿಸಿದ್ದನ್ನು ಕಂಡುಹಿಡಿದು, ತಾವೇ ಸರಿಪಡಿಸಿದರು. ನಾವಿದ್ದರೆ ಮಾತ್ರ ನಡೆಯುವದು ನಮ್ಮ ದುಡಿಮೆ. ನಾವಿಲ್ಲದಾಗಲೂ ನಡೆಯುವದೇ ಸೇವೆ. ಮುಂದೊಂದು ದಿನ ಈ ಕೋಣೆಯಿಂದ ನಾವು ಎದ್ದು ಹೋಗುವೆವು. ಆಗಲೂ ಪುಸ್ತಕವು ಇಲ್ಲಿಯೇ ಇರಲಿ.