ಒಂದು ಗರ್ಡರ್ ಸೀಳಿದರೆ ಸೇತುವೆ ನಿಲ್ಲುತ್ತದೆಯೇ?

ಪ್ರಶ್ನೆ: ರಸ್ತೆಯ ಮೇಲಿನ ರೈಲ್ವೆ ಸೇತುವೆಗೆ ಕಂಟೇನರ್ ಲಾರಿ ಬಡಿದು ಗರ್ಡರ್ ಬಾಗಿದರೂ ಕೆಲ ಹೊತ್ತಿನಲ್ಲೇ ರೈಲು ಬಿಡುತ್ತಾರಲ್ಲ, ಇದು ಸರಿಯೇ?
– ಓದುಗರು, ಮಾಲೂರು

ಉತ್ತರ: ಬಾಗುವುದು ಬೇರೆ, ಸೀಳುವುದು ಬೇರೆ. ತುಸು ಬಾಗಿದ ಉಕ್ಕು ಕೂಡಲೇ ಕೈಕೊಡುವುದಿಲ್ಲ. ಸೀಳು ಬಿಟ್ಟರೆ ಮಾತ್ರ ರೈಲು ಹೋದಂತೆಲ್ಲ ಅದು ಬೆಳೆಯುತ್ತದೆ. ಲಾರಿ ಬಡಿದಾಗ ಮೊದಲ ಅಪಾಯವಿರುವುದು ಮೇಲೆ. ಗರ್ಡರ್ ಬೇರಿಂಗಿನಿಂದ ಪಕ್ಕಕ್ಕೆ ಸರಿದು ಹಳಿ ಸೊಟ್ಟಗಾಗಿದ್ದರೆ ರೈಲು ಹಳಿ ತಪ್ಪಬಹುದು. ಹಾಗಾಗಿ ಮೊದಲು ಅದನ್ನೇ ನೋಡಬೇಕು. ಆಮೇಲೆ ಗರ್ಡರ್‌ನ ತಳದ ಅಗಲ ಪಟ್ಟಿ, ಅಂದರೆ ಕೆಳಗಿನ ಫ್ಲೇಂಜ್. ಸೇತುವೆಯ ನಡುಭಾಗದಲ್ಲಿ ಅತಿ ಹೆಚ್ಚು ಎಳೆತ ತಾಳುವುದು ಅದೇ, ಲಾರಿಯ ನೆತ್ತಿ ತಾಗುವುದೂ ಅದಕ್ಕೇ. ಬಣ್ಣ ಕೂದಲೆಳೆಯಷ್ಟು ಬಿಟ್ಟು, ಒಳಗಿಂದ ಕೆಂಪು ತುಕ್ಕು ಇಳಿದಿದ್ದರೆ ಅಲ್ಲಿ ಬಿರುಕಿದೆಯೆಂದು ಅನುಮಾನಿಸಬೇಕು. ಬರೀ ಬಾಗಿದ್ದರೆ ವೇಗ ತಗ್ಗಿಸಿ ರೈಲು ಬಿಡುವುದು ತಪ್ಪಲ್ಲ. ಬಿರುಕಿದ್ದರೆ ನಿಲ್ಲಿಸಲೇಬೇಕು. ಸೇತುವೆಗೆ ಮೊದಲೇ ರಸ್ತೆಗಡ್ಡವಾಗಿ ನಿಲ್ಲಿಸಿರುವ ಹೈಟ್ ಗೇಜ್ ಇರುವುದು ಈ ಪೆಟ್ಟು ತಪ್ಪಿಸಲೆಂದೇ.

ಪ್ರಶ್ನೆ: ಎರಡೇ ಗರ್ಡರ್ ಇರುವ ಸೇತುವೆಯಲ್ಲಿ ಒಂದು ಸೀಳಿದರೆ ಮುಗಿದೇ ಹೋಯಿತೇ?
– ಓದುಗರು, ಕೋಲಾರ

ಉತ್ತರ: ಯಾವಾಗಲೂ ಹಾಗಲ್ಲ. ಅಮೆರಿಕದ ಪಿಟ್ಸ್‌ಬರ್ಗ್ ಬಳಿ ನೆವಿಲ್ ದ್ವೀಪದ ಸೇತುವೆಗೆ ಇದ್ದದ್ದು ಎರಡೇ ಮುಖ್ಯ ಗರ್ಡರ್. 1977ರಲ್ಲಿ ಅವುಗಳಲ್ಲೊಂದು ಸೀಳಿತು. ಅದನ್ನು ಕಂಡದ್ದು ಕೆಳಗೆ ನದಿಯಲ್ಲಿ ಹೋಗುತ್ತಿದ್ದ ದೋಣಿಯ ನಾವಿಕ. ಸೇತುವೆ ಬೀಳಲಿಲ್ಲ. ಗರ್ಡರ್‌ಗಳು ಕಂಬದಿಂದ ಕಂಬಕ್ಕೆ ತುಂಡಾಗದೆ ಸಾಗಿದ್ದವು, ಅಡ್ಡತೊಲೆಗಳೂ ಮೇಲಿನ ಹಾಸೂ ಭಾರವನ್ನು ಹಂಚಿಕೊಂಡವು. 2000ದ ಡಿಸೆಂಬರ್‌ನಲ್ಲಿ ಮಿಲ್ವಾಕಿಯ ಹೋನ್ ಸೇತುವೆಯ ಮೂರು ಗರ್ಡರ್‌ಗಳಲ್ಲಿ ಎರಡು ಪೂರ್ತಿ ಸೀಳಿದವು. ಸೇತುವೆ ಸುಮಾರು ನಾಲ್ಕು ಅಡಿ ಜಗ್ಗಿತು, ಆದರೂ ನಿಂತಿತು.

ಇದಕ್ಕೆ ವಿರುದ್ಧವಾದದ್ದು ಒಹಾಯೊ ನದಿಯ ಸಿಲ್ವರ್ ಸೇತುವೆ. ಅದನ್ನು ತೂಗುಹಾಕಿದ್ದ ಸರಪಳಿಯ ಪ್ರತಿ ಕೊಂಡಿಯಲ್ಲಿ ಎರಡೇ ಪಟ್ಟಿಗಳಿದ್ದವು. 1967ರಲ್ಲಿ ಒಂದು ಪಟ್ಟಿ ಮುರಿದದ್ದೇ ತಡ ಇಡೀ ಸೇತುವೆ ನದಿಗೆ ಬಿತ್ತು. 46 ಜನ ಸತ್ತರು.

ನಮ್ಮ ರೈಲ್ವೆ ಪ್ಲೇಟ್ ಗರ್ಡರ್ ಸೇತುವೆಗಳಲ್ಲೂ ಸಾಮಾನ್ಯವಾಗಿ ಒಂದು ಹಳಿಜೋಡಿಗೆ ಎರಡೇ ಗರ್ಡರ್. ರಿವೆಟ್ ಹೊಡೆದ ಹಳೆಯ ಗರ್ಡರ್‌ನಲ್ಲಿ ಪ್ಲೇಟುಗಳೂ ಆ್ಯಂಗಲ್‌ಗಳೂ ಬಿಡಿಬಿಡಿ. ಒಂದರ ಬಿರುಕು ಅದರ ಅಂಚಿಗೆ ಬಂದು ನಿಲ್ಲುತ್ತದೆ. ವೆಲ್ಡಿಂಗ್ ಮಾಡಿದ ಗರ್ಡರ್ ಒಂದೇ ಮೈ. ಬಿರುಕಿಗೆ ಅಲ್ಲಿ ತಡೆಯಿಲ್ಲ.

ಪ್ರಶ್ನೆ: ಬೆಂಗಳೂರಿನ ಪೀಣ್ಯ ಮೇಲ್ಸೇತುವೆಯಲ್ಲಿ ಕೆಲವೇ ಕೇಬಲ್ ಕೆಟ್ಟಿದ್ದಕ್ಕೆ ನಮ್ಮ ಟೊಮೆಟೊ ಲಾರಿಗಳನ್ನು ವರ್ಷಗಟ್ಟಲೆ ತಡೆದದ್ದು ಅತಿಯಾಯಿತಲ್ಲವೇ?
– ಓದುಗರು, ಮುಳಬಾಗಿಲು

ಉತ್ತರ: ನಿಮ್ಮ ನಷ್ಟ ದೊಡ್ಡದೇ, ಆದರೆ ತಡೆದದ್ದು ಸರಿ. ಅದು ಕಾಂಕ್ರೀಟ್ ಸೇತುವೆ. ಅದರೊಳಗೆ ಬಿಗಿದ ಉಕ್ಕಿನ ಕೇಬಲ್‌ಗಳೇ ಅದನ್ನು ಹಿಡಿದಿಡುತ್ತವೆ. 2021ರ ಡಿಸೆಂಬರ್‌ನಲ್ಲಿ ಕೆಲವು ಕೇಬಲ್‌ಗಳು ತುಕ್ಕಿನಿಂದ ಹಾಳಾದದ್ದು ಗೊತ್ತಾದಾಗ ಉಳಿದವು ಭಾರ ಹೊತ್ತೇ ಇದ್ದವು. ಆದರೆ ಉಳಿದವುಗಳ ಸ್ಥಿತಿ ಕಣ್ಣಿಗೆ ಕಾಣುವಂಥದ್ದಲ್ಲ. ಹಾಗಾಗಿ ಮುಚ್ಚಿದ್ದ ಸೇತುವೆಯಲ್ಲಿ 2022ರ ಫೆಬ್ರವರಿಯಲ್ಲಿ ಕಾರು, ಬೈಕುಗಳಿಗೆ ಮಾತ್ರ ದಾರಿ ಕೊಟ್ಟು, ಲಾರಿಗಳನ್ನು ತಡೆದೇ ಇಟ್ಟರು. ಉಳಿದ ಬಲಕ್ಕೆ ತಕ್ಕಷ್ಟೇ ಭಾರ ಹೇರುವ ಲೆಕ್ಕ ಅದು. ಹೊಸ ಕೇಬಲ್ ಎಳೆದ ಮೇಲೆ, 2024ರಲ್ಲಿ, ಭಾರಿ ವಾಹನಗಳಿಗೂ ದಾರಿಯಾಯಿತು.

ಪ್ರಶ್ನೆ: ಸೇತುವೆಗೆ ಪೆಟ್ಟು ಬಿದ್ದದ್ದು ಕಣ್ಣಿಗೆ ಬಿದ್ದರೆ ನಮ್ಮಂಥವರು ಏನು ಮಾಡಬೇಕು?
– ಓದುಗರು, ಶ್ರೀನಿವಾಸಪುರ

ಉತ್ತರ: ರೈಲ್ವೆ ಸೇತುವೆಯಾದರೆ ಅದರ ಮೇಲೆ ಬರೆದಿರುವ ಸೇತುವೆ ಸಂಖ್ಯೆಯನ್ನು ನೋಡಿಕೊಂಡು ತಕ್ಷಣ 139ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಹೆದ್ದಾರಿಯಾದರೆ 1033. ಲಾರಿ ಓಡಿಹೋಗಿದ್ದರೂ ಹೇಳಿ. ಹಳಿಯ ಮೇಲೆ ಹತ್ತಿ ನೋಡಲು ಹೋಗಬೇಡಿ. ಒಂದು ಗರ್ಡರ್ ಸೋತಾಗ ಕೆಲವೊಮ್ಮೆ ಇನ್ನೊಂದು ಹೊರುತ್ತದೆ, ನಿಜ. ಆದರೆ ಅದು ನಮಗೆ ಕೊಡುವುದು ದುರಸ್ತಿಗೆ ಬೇಕಾದಷ್ಟು ಸಮಯವನ್ನು ಮಾತ್ರ. ಯಾರೂ ಹೇಳದಿದ್ದರೆ, ಯಾರೂ ಬಂದು ನೋಡದಿದ್ದರೆ ಆ ಸಮಯ ವ್ಯರ್ಥ.